ಗಂಗಕ್ಕನ ಒನಕೆ, ಮೊದಲನೆಯ ದಿನದ ಬೆಳಕು

ನಮ್ಮ ನಡುಮನೆಯ ಬಾಗಿಲ ಹಿಂದೆ ಒಂದು ಒನಕೆ ಇದೆ. ಬಂದವರು ಅದನ್ನು ಒಮ್ಮೆ ನೋಡುತ್ತಾರೆ, ಗೋಡೆಯ ಮೇಲಿನ ಶಿಲುಬೆಯನ್ನು ಒಮ್ಮೆ ನೋಡುತ್ತಾರೆ, ಮತ್ತೆ ಒನಕೆಯನ್ನೇ ನೋಡುತ್ತಾರೆ. ಅದರ ಬುಡದಲ್ಲಿ ಅರಿಶಿನ ಕುಂಕುಮದ ಕಲೆ ಇನ್ನೂ ಹಾಗೇ ಉಳಿದಿದೆ. ಕ್ರೈಸ್ತರ ಮನೆಯಲ್ಲಿ ಇದೇನು ಎಂದು ಕೇಳಬೇಕೆನಿಸುತ್ತದೆ, ಕೇಳಲು ಸಂಕೋಚ. ಚಿತ್ರದುರ್ಗ ಜಿಲ್ಲೆಯವರ ಮನೆಯಲ್ಲಿ ಒನಕೆ ಕಂಡರೆ ಕಾರಣ ಕೇಳಬಾರದು ಎಂದು ನಾನೇ ನಗಿಸಿ ಮಾತು ತೇಲಿಸಿಬಿಡುತ್ತೇನೆ.

ನಿಜ ಹೇಳಬೇಕೆಂದರೆ ಅದಕ್ಕೆ ನಮ್ಮಲ್ಲಿ ಕೆಲಸವೇ ಇಲ್ಲ. ಕುಟ್ಟುವುದಕ್ಕೆ ಮಿಕ್ಸಿ ಇದೆ. ಒರಳು ಹಿತ್ತಲಿನಲ್ಲಿ ಬೆಕ್ಕಿನ ಹಾಸಿಗೆಯಾಗಿದೆ. ಆದರೂ ಸುಣ್ಣ ಬಳಿಯುವಾಗ ಒನಕೆಯನ್ನು ಎತ್ತಿ ಪಕ್ಕಕ್ಕಿಟ್ಟು, ಬಳಿದ ಮೇಲೆ ಮತ್ತೆ ಅಲ್ಲಿಗೇ ತಂದಿಡುತ್ತೇವೆ. ಮೊನ್ನೆ ಭಾನುವಾರ ನನ್ನ ಮಗಳು ಸಂಡೇ ಸ್ಕೂಲು ಮುಗಿಸಿ ಬಂದು, ಬಣ್ಣದ ಪೆನ್ಸಿಲ್ ಡಬ್ಬಿಯ ಜೊತೆ ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ಹಿಡಿದು, "ಪಪ್ಪಾ, ಸೂರ್ಯ ಇಲ್ದೇ ಬೆಳಕು ಹೆಂಗೆ ಬರೆಯೋದು?" ಎಂದು ಕೇಳಿದಳು. ನನ್ನ ಕಣ್ಣು ತಾನಾಗಿ ಬಾಗಿಲ ಹಿಂದಕ್ಕೆ ಹೋಯಿತು. ಆ ಪ್ರಶ್ನೆಗೂ ಒನಕೆಗೂ ಏನು ಸಂಬಂಧ ಎನ್ನುತ್ತೀರಿ. ಇದೆ, ಹೇಳುತ್ತೇನೆ. ಆದರೆ ಮೊದಲು ನಮ್ಮ ಅವ್ವನಿಂದ ಶುರು ಮಾಡಬೇಕು, ನಮ್ಮ ಮನೆಯಲ್ಲಿ ಯಾವ ಮಾತೂ ಅವಳನ್ನು ಬಿಟ್ಟು ಶುರುವಾಗುವುದಿಲ್ಲ.

ನಮ್ಮ ಊರು ಮಾರಿಕಣಿವೆ ಅಣೆಕಟ್ಟೆಯ ಪಕ್ಕ. ಅಪ್ಪ ನೀರಾವರಿ ಇಲಾಖೆಯಲ್ಲಿ ತೂಬು ಎತ್ತುವ, ಇಳಿಸುವ ಕೆಲಸದಲ್ಲಿದ್ದರು. ಚರ್ಚು ಇದ್ದದ್ದು ಹಿರಿಯೂರಿನಲ್ಲಿ. ಪ್ರತಿ ಭಾನುವಾರ ಬಸ್ಸು ಹಿಡಿದು ಹೋಗುವುದು ಆಗದ ಮಾತಾದ್ದರಿಂದ ಅವ್ವ ನಮ್ಮ ಜಗಲಿಯ ಮೇಲೆಯೇ ಸಂಡೇ ಸ್ಕೂಲು ನಡೆಸುತ್ತಿದ್ದಳು. ಅವಳ ಹೆಸರು ಎಸ್ತೇರಮ್ಮ. ಕ್ರೈಸ್ತರ ಮಕ್ಕಳು ನಾವು ನಾಲ್ಕಾರು ಮಂದಿ, ಉಳಿದವರೆಲ್ಲ ಪೆಪ್ಪರಮಿಂಟಿನ ಆಸೆಗೆ ಬಂದವರು. ಎದುರು ಮನೆಯ ಗಂಗಕ್ಕನ ಮಕ್ಕಳು ತಿಪ್ಪೇಶಿ, ಚಂದ್ರಿ ಇಬ್ಬರೂ ಹಣೆಯ ವಿಭೂತಿ ಅಳಿಸದೆ ಬಂದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಸೃಷ್ಟಿಯ ಪಾಠದಲ್ಲಿ ತಿಪ್ಪೇಶಿಯನ್ನು ಮೀರಿಸುವವರು ಇರಲಿಲ್ಲ. "ನಾಕನೇ ದಿನ?" ಎಂದು ಅವ್ವ ಕೇಳಿ ಮುಗಿಸುವುದರೊಳಗೆ "ಸೂರ್ಯ, ಚಂದ್ರ, ನಕ್ಷತ್ರ" ಎಂದು ಕೂಗಿ ಕೈ ಚಾಚಿರುತ್ತಿದ್ದ.

ನನಗೆ ಸಿಕ್ಕಿದ್ದು ಚಿತ್ರದ ಕೆಲಸ. ದಿನಕ್ಕೊಂದು ಹಾಳೆಯಂತೆ ಸೃಷ್ಟಿಯನ್ನೆಲ್ಲ ಬರೆದು ಗೋಡೆಗೆ ಅಂಟಿಸಬೇಕು. ಮೊದಲನೆಯ ದಿನ ದೇವರು ಬೆಳಕಾಗಲಿ ಎಂದ, ಬೆಳಕಾಯಿತು. ನಾನು ಹಳದಿ ಬಣ್ಣ ತೆಗೆದುಕೊಂಡು ಬೆಟ್ಟದ ಮೇಲೆ ದೊಡ್ಡ ಸೂರ್ಯನನ್ನು ಬರೆದೆ, ಕಣ್ಣು ಬಾಯಿ ಎಲ್ಲ ಇಟ್ಟೆ, ಮೀಸೆ ಒಂದು ಇಲ್ಲ ಅಷ್ಟೆ. ಅವ್ವ ನೋಡಿ ರಬ್ಬರು ಕೈಗಿಟ್ಟಳು. "ಸೂರ್ಯ ನಾಕನೇ ದಿನದೋನು. ಅವನನ್ನ ಈಗ್ಲೇ ಯಾಕೆ ಕರ್ಕೊಂಡ್ ಬಂದೆ?"

"ಮತ್ತೆ ಬೆಳಕು ಎಲ್ಲಿಂದ ಬಂತವ್ವ?"

"ದೇವರ ಬಾಯಿಂದ ಬಂತು."

ಬಾಯಿಂದ ಬಂದ ಬೆಳಕನ್ನು ಹೇಗೆ ಬರೆಯುವುದು? ತಿಕ್ಕಿದೆ. ಸೂರ್ಯ ಹೋದ, ಅವನ ಹಳದಿ ಹೋಗಲಿಲ್ಲ, ಹಾಳೆಯ ತುಂಬ ಹರಡಿಕೊಂಡಿತು. ನನಗೆ ಅಳು ಬಂತು. ಅವ್ವ ಹಾಳೆಯನ್ನು ದೂರ ಹಿಡಿದು ನೋಡಿ, "ಇರ್ಲಿ ಬಿಡು, ಹಿಂಗೇ ಚೆನ್ನಾಗೈತೆ" ಎಂದು ಅದನ್ನೇ ಅಂಟಿಸಿದಳು. ಮುಂದೆ ನಾನು ಡ್ರಾಯಿಂಗ್ ಮೇಷ್ಟ್ರಾದೆ. ಎಷ್ಟು ಮಕ್ಕಳಿಗೆ ಬೆಳಕು ನೆರಳು ತಿದ್ದಿದ್ದೇನೋ ಲೆಕ್ಕವಿಲ್ಲ, ಆದರೆ ಆ ಒಂದು ಹಾಳೆಯನ್ನು ಇವತ್ತಿಗೂ ಸರಿಯಾಗಿ ಬರೆಯಲು ಬಂದಿಲ್ಲ.

ಪ್ರತಿ ಹಾಳೆಯ ಕೆಳಗೆ ಅವ್ವ ತನ್ನ ದುಂಡು ಅಕ್ಷರದಲ್ಲಿ, ದೇವರು ಅದನ್ನು ಒಳ್ಳೆಯದೆಂದು ಕಂಡನು ಎಂದು ಬರೆಯುತ್ತಿದ್ದಳು. ಎರಡನೆಯ ದಿನದ ಹಾಳೆಗೆ ಮಾತ್ರ ಬರೆಯುತ್ತಿರಲಿಲ್ಲ. ಮೇಲಿನ ನೀರನ್ನೂ ಕೆಳಗಿನ ನೀರನ್ನೂ ಬೇರೆ ಮಾಡಿದ ದಿನ ಅದು, ಸತ್ಯವೇದದಲ್ಲಿ ಆ ದಿನಕ್ಕೆ ಆ ಮಾತಿಲ್ಲ. ಅಪ್ಪನಿಗೆ ಇದು ಬಹಳ ಇಷ್ಟದ ಜಾಗ. "ನೋಡಿದ್ಯಾ, ನೀರು ತಡೆಯೋ ಕೆಲಸಕ್ಕೆ ಮಾತ್ರ ಶಾಬಾಸ್ ಇಲ್ಲ. ನಮ್ಮ ಇಲಾಖೆ ಹಣೆಬರಾನ ಆವತ್ತೇ ಬರ್ದವ್ರೆ" ಎಂದು ಬೀಡಿ ಹಚ್ಚುತ್ತಿದ್ದರು. ಅವ್ವ ಮುಖ ಆಚೆ ತಿರುಗಿಸಿ ನಗುತ್ತಿದ್ದಳು. ಅಪ್ಪ ಈಗಿಲ್ಲ, ಆ ಮಾತು ಇದೆ.

ಅವ್ವನಿಗೂ ಗಂಗಕ್ಕನಿಗೂ ಇರುವ ಸ್ನೇಹ ನನ್ನ ವಯಸ್ಸಿಗಿಂತ ಹಳೆಯದು. ಯುಗಾದಿಗೆ ಆ ಕಡೆಯಿಂದ ಹೋಳಿಗೆ, ಕ್ರಿಸ್ಮಸ್ಸಿಗೆ ಈ ಕಡೆಯಿಂದ ಕೇಕು, ಕರ್ಜಿಕಾಯಿ. ಗಂಗಕ್ಕನಿಗೆ ಕತ್ತಲೆ ಎಂದರೆ ಆಗದು. ಸಂಜೆ ಕರೆಂಟು ಹೋದರೆ ಸಾಕು, "ಎಸ್ತೇರಕ್ಕಾ" ಎಂದು ಎದುರು ಮನೆಯಿಂದ ಕೂಗುತ್ತಿದ್ದಳು. ಅವ್ವ ದೀಪ ಹುಡುಕುತ್ತಾ, "ಯಾಕೆ ಹೆದರ್ತೀಯ ಗಂಗಾ, ಕತ್ಲಿಗೂ ಹೆಸರಿಟ್ಟೋನು ಅವನೇ. ರಾತ್ರಿ ಅಂತ ಕರೆದ. ಹೆಸರಿಟ್ಟ ಮೇಲೆ ಅದೂ ಮನೆ ಕೂಸೇ" ಎನ್ನುತ್ತಿದ್ದಳು. "ನಿಮ್ಮನೆ ಕೂಸು ನಿಮ್ಮನೇಲೇ ಇರ್ಲಿ, ನನಗೆ ಬೆಂಕಿಪಟ್ನ ಕೊಡು" ಎನ್ನುವಳು ಗಂಗಕ್ಕ.

ಇನ್ನು ಆ ದಿನಕ್ಕೆ ಬರುತ್ತೇನೆ. ಆ ವರ್ಷ ಕ್ರಿಸ್ಮಸ್ಸಿನ ಮರುದಿನವೇ ಬೆಳಗ್ಗೆ ಸೂರ್ಯಗ್ರಹಣ. ನಿಮಗೂ ನೆನಪಿರಬಹುದು, ಟಿವಿಯಲ್ಲಿ ವಾರದಿಂದ ಅದೇ ಮಾತು. ನನ್ನ ಹೆಂಡತಿ ಸುಶೀಲ ತುಂಬು ಗರ್ಭಿಣಿ. ಹಬ್ಬ ಕಳೆದ ಮೇಲೆ ಹೊಳಲ್ಕೆರೆಯ ತವರಿಗೆ ಕಳಿಸುವುದೆಂದು ಮಾತಾಗಿತ್ತು, ದಿನ ತುಂಬಲು ಇನ್ನೂ ಸಮಯವಿತ್ತು. ನಮ್ಮ ಮೊದಲನೆಯ ಮಗು ಉಳಿದಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಆದರೆ ಎಲ್ಲರೂ ಅದನ್ನೇ ತಲೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೆವು.

ಹಬ್ಬದ ದಿನ ಕೇಕು ತೆಗೆದುಕೊಳ್ಳಲು ಬಂದ ಗಂಗಕ್ಕ ಸುಶೀಲಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹೇಳಿದಳು. "ನಾಳೆ ಹೊಸ್ಲು ದಾಟಬ್ಯಾಡ ಕಣವ್ವ. ಏನೂ ಹೆಚ್ಚಬ್ಯಾಡ, ಹೊಲೀಬ್ಯಾಡ. ಬಿಸ್ಲು ಮೈಮೇಲೆ ಬೀಳಬಾರ್ದು. ನಮ್ಮ ಚಂದ್ರಿ ಕೇಳ್ಲಿಲ್ಲ, ಮಗೀನ ತುಟಿ ನೋಡೀಯಲ್ಲ." ಚಂದ್ರಿಯ ಮಗ ಸೀಳುತುಟಿಯೊಂದಿಗೆ ಹುಟ್ಟಿದ್ದ. ಆಪರೇಶನ್ ಆಗಿ ಈಗ ಚೆನ್ನಾಗಿದ್ದಾನೆ, ಆದರೆ ಗಂಗಕ್ಕನ ಮನಸ್ಸಿನ ಸೀಳಿಗೆ ಹೊಲಿಗೆ ಬಿದ್ದಿರಲಿಲ್ಲ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, "ಸೂರ್ಯನ್ನ ಮಾಡಿದೋನು ನೋಡ್ಕೋತಾನೆ ಬಿಡು" ಎಂದು ಮಾತ್ರ ಹೇಳಿ ಅವಳ ಪಾತ್ರೆಗೆ ಕೇಕು ತುಂಬಿದಳು.

ನಾನು ಶಾಲೆಯಿಂದ ರಟ್ಟಿನ ಗ್ರಹಣ ಕನ್ನಡಕ ತಂದಿದ್ದೆ. ಹುಡುಗರಿಗೆ, ಗ್ರಹಣ ಎಂದರೆ ನೆರಳು ಅಷ್ಟೆ ಕಣ್ರೋ ಎಂದು ಭಾಷಣ ಬಿಗಿದು ಬಂದಿದ್ದೆ. ಅಂಥ ನಾನು ಬೆಳಗ್ಗೆ ಎದ್ದು ಮೊದಲು ಮಾಡಿದ ಕೆಲಸ ಕಿಟಕಿಗಳ ಪರದೆ ಎಳೆದದ್ದು. ಎರಡನೆಯದು ಅಡುಗೆಮನೆಯ ಚಾಕುವನ್ನು ಅಟ್ಟದ ಮೇಲಿಟ್ಟದ್ದು. ಅವ್ವ ಸ್ಟೂಲು ಹತ್ತಿ ಚಾಕು ಇಳಿಸಿಕೊಂಡು, ನನ್ನ ಮುಖ ನೋಡದೆ, ಈರುಳ್ಳಿ ಹೆಚ್ಚಲು ಕುಳಿತಳು. ಮಣೆಯ ಮೇಲೆ ಚಾಕುವಿನ ಒಂದೊಂದು ಏಟೂ ನನ್ನ ಎದೆಗೇ ಬೀಳುತ್ತಿತ್ತು. ಸುಶೀಲ ಒಳಗಿನಿಂದ, "ನೀವಿಬ್ರೂ ನನ್ನನ್ನ ಒಂದು ಮಾತು ಕೇಳಿ" ಎಂದಳು. ಇಬ್ಬರೂ ಕೇಳಲಿಲ್ಲ.

ಬಿಸಿಲು ಬಣ್ಣಗೆಡತೊಡಗಿತು. ಮೋಡವಿಲ್ಲ, ಸಂಜೆಯಲ್ಲ, ಆದರೂ ಬೆಳಕಿಗೆ ಸುಸ್ತಾದ ಹಾಗೆ. ಅಂಗಳದ ಹೊಂಗೆ ಮರದ ಕೆಳಗೆ ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕಿಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ನೆಲದ ತುಂಬ ಸಣ್ಣ ಸಣ್ಣ ಕುಡುಗೋಲು. ಡ್ರಾಯಿಂಗ್ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ, ನಾನು ಎಲ್ಲ ಮರೆತು ಕುಕ್ಕರುಗಾಲಲ್ಲಿ ಕುಳಿತು ಅದನ್ನೇ ನೋಡುತ್ತಿದ್ದೆ. ಆಗ ಅವ್ವ ಬಾಗಿಲಿಗೆ ಬಂದು, "ಸಾಮು, ಒಳಗೆ ಬಾ. ಇವಳಿಗೆ ನೋವು ಶುರುವಾಗೈತೆ" ಎಂದಳು.

ಮೊದಲಿಗೆ ನೋವು ಬಿಟ್ಟು ಬಿಟ್ಟು ಬರುತ್ತಿತ್ತು. ಹೊತ್ತು ಐತೆ, ಗಾಬರಿ ಬೇಡ ಎಂದಳು ಅವ್ವ. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಹತ್ತಿರದ ಗಾಡಿ ಇನ್ನೊಬ್ಬರನ್ನು ಕರೆದುಕೊಂಡು ಹೊಸದುರ್ಗದ ಕಡೆ ಹೋಗಿದೆ, ಬರುವುದು ತಡವಾಗುತ್ತದೆ ಎಂದರು. ಬಸ್ಸಿನ ಸುಳಿವಿಲ್ಲ. ರಸ್ತೆಯಲ್ಲಿ ನಾಯಿಯೂ ಇಲ್ಲ. ಗ್ರಹಣ ಬಿಟ್ಟಿತೆಂದು ಟಿವಿಯಲ್ಲಿ ಹೇಳುವ ಹೊತ್ತಿಗೆ ಸುಶೀಲಳ ನೀರಿನ ಚೀಲ ಒಡೆಯಿತು. ಅವ್ವನ ಮುಖದಲ್ಲಿದ್ದ ಸಮಾಧಾನ ಹೋಗಿ ಬೇರೆ ಮುಖವೇ ಬಂತು. "ಇನ್ನು ಕಾಯೋ ಹಂಗಿಲ್ಲ. ತಿಪ್ಪೇಶೀನ ಕರಿ."

ತಿಪ್ಪೇಶಿ ಟೊಮ್ಯಾಟೊ, ತೆಂಗಿನಕಾಯಿ ಹೇರುವ ಲಗೇಜ್ ಗಾಡಿ ಇಟ್ಟಿದ್ದಾನೆ. ಆ ಹೊತ್ತಿಗೆ ಬೀದಿಯಲ್ಲಿದ್ದ ಗಾಡಿ ಅದೊಂದೇ. ಓಡಿ ಹೋದೆ. ಅವರ ಅಂಗಳದಲ್ಲಿ ಗಂಗಕ್ಕ ಒದ್ದೆ ಸೀರೆಯಲ್ಲಿ ನೆಲದ ಮೇಲೆ ಕುಳಿತಿದ್ದಳು. ಅವಳ ಮುಂದೆ ಅಗಲವಾದ ಹಿತ್ತಾಳೆ ತಟ್ಟೆ, ಅದರಲ್ಲಿ ಕುಂಕುಮ ಅರಿಶಿನ ಕದಡಿದ ನೀರು, ನೀರಿನ ನಡುವೆ ನೆಟ್ಟಗೆ, ಯಾರೂ ಹಿಡಿಯದೆ ನಿಂತ ಒನಕೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ. ಗ್ರಹಣ ಹಿಡಿದಾಗ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ತಾನಾಗಿ ಬೀಳುತ್ತದೆ, ಬಿದ್ದ ಮೇಲೆಯೇ ಎರಡನೆಯ ಸ್ನಾನ, ಒಲೆ, ಪ್ರಯಾಣ.

ತಿಪ್ಪೇಶಿ ಗಾಡಿಯ ಕೀಲಿ ಕೈಯಲ್ಲಿ ಹಿಡಿದೇ ನಿಂತಿದ್ದ. ನನ್ನ ಮಾತು ಕೇಳಿ ಅವನ ಮುಖ ಬಿಳಿಚಿತು. "ಸಾಮಣ್ಣ, ಒಸಿ ತಡಿ. ಒನಕೆ ಬೀಳ್ಲಿ, ಅದೇ ಗಳಿಗೇಲಿ ಹೊರಡಾಣ."

"ಗ್ರಹಣ ಬಿಟ್ಟೈತೆ ಕಣೋ. ಟಿವೀಲಿ ಹೇಳಾಯ್ತು."

"ಟಿವಿಯೋರು ಬೆಂಗ್ಳೂರಿಗೆ ಹೇಳ್ತಾರೆ. ನಮ್ಮೂರಿಗೆ ನಮ್ಮ ಒನಕೆ."

ನಾನು ಜೇಬಿನಿಂದ ರಟ್ಟಿನ ಕನ್ನಡಕ ತೆಗೆದು ಅವನ ಕೈಗೆ ತುರುಕಿದೆ. "ನೀನೇ ನೋಡು. ಪೂರ್ತಿ ದುಂಡಗೈತೆ." ಅವನು ಕನ್ನಡಕವನ್ನು ಮುಟ್ಟಲೂ ಹೆದರಿದ. "ನನ್ನ ಗಾಡೀಲಿ ಹೋಗಿ ಮಗೀಗೆ ಏನಾರ ಆದ್ರೆ? ಚಂದ್ರೀನ ಆವತ್ತು ಗ್ರಹಣದಾಗೆ ಹೊಲಕ್ಕೆ ಕರ್ಕೊಂಡ್ ಹೋಗಿದ್ದು ನಾನೇ ಅಲ್ವೇನಣ್ಣ." ಅದು ನನಗೆ ಗೊತ್ತಿರಲಿಲ್ಲ. ಅವನದು ಮೊಂಡುತನವಾಗಿರಲಿಲ್ಲ.

ಮೂವರೂ ಒನಕೆಯನ್ನೇ ನೋಡಿದೆವು. ಬಿಸಿಲು ಎಂದಿನಂತೆ ಚುರುಗುಡುತ್ತಿತ್ತು, ಒನಕೆಗೆ ಅದರ ಪರಿವೆಯೇ ಇರಲಿಲ್ಲ. ಬುಡ ಸಮತಟ್ಟಾದ ಒನಕೆ, ಗಾಳಿಯಿಲ್ಲದ ಅಂಗಳ, ಅದು ಸಂಜೆಯವರೆಗೂ ನಿಂತೀತು. ಒಂದು ಬೆರಳು ತಾಗಿಸಿದರೆ ಬೀಳುತ್ತದೆ. ನಾನು ಎರಡು ಹೆಜ್ಜೆ ಮುಂದೆ ಹೋಗಿ ಕೈ ಚಾಚಿದೆ. ಚಾಚಿದ ಕೈ ಅಲ್ಲೇ ನಿಂತಿತು. ನಾನು ಉರುಳಿಸಿ, ನಾಳೆ ಮಗುವಿಗೆ ಏನಾದರೂ ಆದರೆ? ಹುಟ್ಟಿನಿಂದ ಸತ್ಯವೇದ ಕೇಳಿ ಬೆಳೆದವನು, ನೆರಳು ಅಷ್ಟೆ ಎಂದು ಭಾಷಣ ಬಿಗಿದವನು, ಒಂದು ಮರದ ತುಂಡಿನ ಮುಂದೆ ಕೈ ಚಾಚಿಕೊಂಡು ನಿಂತೆ. ಆವತ್ತಿನಷ್ಟು ಭಯ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ನಾನು ಬರದ್ದು ಕಂಡು ಅವ್ವನೇ ಬಂದಳು. ಒನಕೆಯನ್ನೂ ನನ್ನ ಕೈಯನ್ನೂ ನೋಡಿದಳು. ಹಳೆಯ ಜಗಲಿಯ ದನಿಯಲ್ಲಿ, "ತಿಪ್ಪೇಶಿ, ಸೂರ್ಯ ಎಷ್ಟನೇ ದಿನ?" ಎಂದಳು.

"ನಾಕನೇ ದಿನ ಎಸ್ತೇರಮ್ಮ." ಅವನ ಬಾಯಿಂದ ತಾನಾಗಿ ಬಂತು.

"ಬೆಳಕು?"

"ಮೊದಲ್ನೇ ದಿನ."

"ಸೂರ್ಯ ಇಲ್ದೇ ಬೆಳಕು ಇತ್ತು ಅಂದಂಗಾಯ್ತು. ಆ ಬೆಳಕಿಗೆ ಯಾವ ಗ್ರಹಣ ಹಿಡಿಯತ್ತೆ?"

"ಅದೆಲ್ಲಾ ಸರಿ ಎಸ್ತೇರಮ್ಮ. ಆದ್ರೆ ಒನಕೆ ಬಿದ್ದಿಲ್ವಲ್ಲ."

ಅವ್ವ ಸೋತವಳ ಹಾಗೆ ಗಂಗಕ್ಕನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟಳು. "ಗಂಗಾ, ನಾನೇನೂ ಹೇಳಲ್ಲ. ನಿನ್ನ ಒನಕೆ ಮುಟ್ಟಲ್ಲ. ಅಲ್ಲಿ ಮಲಗಿರೋದು ನನ್ನ ಸೊಸೆ ಒಬ್ಬಳೇ ಅಲ್ಲ, ಹೊಟ್ಟೇಲಿ ಕೂಸೈತೆ, ಆ ಕೂಸಿಗೆ ನೀನೂ ಅಜ್ಜೀನೇ. ಈಗ ಏನ್ ಮಾಡಾಣ, ನೀನೇ ಹೇಳು." ಅವಳ ದನಿ ಒಡೆದಿತ್ತು. ಅವ್ವನ ದನಿ ಒಡೆದದ್ದನ್ನು ನಾನು ಅಪ್ಪ ಹೋದ ದಿನ ಬಿಟ್ಟರೆ ಕೇಳಿರಲಿಲ್ಲ. ಆಗಲೇ ನಮ್ಮ ಮನೆಯಿಂದ ಸುಶೀಲಳ ಕೂಗು ಬಂತು, ಬೀದಿ ದಾಟಿ ಅಂಗಳಕ್ಕೆ ಬಂತು.

ಗಂಗಕ್ಕ ಏಳಲು ನೋಡಿದಳು. ಅವಳಿಗೆ ಮಂಡಿ ನೋವು, ಕೂತರೆ ಏನನ್ನಾದರೂ ಹಿಡಿಯದೆ ಏಳುವುದು ಸಾಧ್ಯವಿಲ್ಲ. ಕಂಬ ದೂರವಿತ್ತು. ಅವಳ ಕೈ ಎದುರಿಗಿದ್ದ ಒನಕೆಯನ್ನು ಹಿಡಿಯಿತು. ಅದನ್ನೇ ಊರಿಕೊಂಡು ಎದ್ದಳು. ಎದ್ದ ಮೇಲೆ ತಾನು ಹಿಡಿದಿರುವುದೇನೆಂದು ನೋಡಿಕೊಂಡಳು. ಬುಡದಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ತಿಪ್ಪೇಶಿ "ಯವ್ವಾ" ಎಂದು ತಲೆಯ ಮೇಲೆ ಕೈ ಹೊತ್ತ. ಗಂಗಕ್ಕ ಒನಕೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಬಿದ್ದಿಲ್ಲ ಕಣೋ. ನನ್ನ ಕೈಯಾಗೈತೆ. ಗ್ರಹಣ ಇದ್ರೂ ಇದರ ಜೊತೀಗೆ ನನ್ನ ಮುಷ್ಟೀಲಿ ಇರ್ತೈತೆ, ಮಗೀನ ತಂಟೆಗೆ ಹೋಗಲ್ಲ. ಗಾಡಿ ತೆಗಿ."

ಗಾಡಿಯ ಹಿಂಭಾಗದಲ್ಲಿ ಹಾಸಿಗೆ ಹಾಸಿ ಸುಶೀಲಳನ್ನು ಮಲಗಿಸಿದೆವು. ಮೇಲೆ ಹೊದಿಕೆಯಿಲ್ಲ, ಬರೀ ಆಕಾಶ. ಅವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗನ್ನು ಬಿಸಿಲಿಗೆ ಅಡ್ಡ ಹಿಡಿದಳು. ಕಾಲ ಬಳಿ ಗಂಗಕ್ಕ ಕುಳಿತು, ಎರಡೂ ಕೈಯಲ್ಲಿ ಒನಕೆಯನ್ನು ನೆಟ್ಟಗೆ ಹಿಡಿದಳು. ಹಿರಿಯೂರಿನವರೆಗೂ ಅದು ಓಲಬಾರದು. ಪ್ರತಿ ಹಳ್ಳಕ್ಕೂ ಸುಶೀಲ ನರಳುತ್ತಿದ್ದಳು, ಪ್ರತಿ ಹಳ್ಳಕ್ಕೂ ಗಂಗಕ್ಕ ಇಡೀ ಮೈಯಿಂದ ಒನಕೆಯನ್ನು ತಬ್ಬುತ್ತಿದ್ದಳು. ಹಾದಿಯಲ್ಲಿ ಮನೆ ತೊಳೆಯುತ್ತಿದ್ದವರು ಬಕೆಟ್ಟು ಹಿಡಿದೇ ನಿಂತು ನಮ್ಮನ್ನು ನೋಡಿದರು. ಅವ್ವ ಸುಶೀಲಳ ಕಿವಿಯ ಬಳಿ ಬಗ್ಗಿ, ಕತ್ತಲೆಯೂ ದೇವರಿಗೆ ಕತ್ತಲೆಯಲ್ಲ, ತಾಯಿಯ ಹೊಟ್ಟೆಯ ಕತ್ತಲೆಯಲ್ಲೇ ಕೂತು ಅವನು ನಮ್ಮನ್ನೆಲ್ಲ ಹೆಣೆದ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅದೇ ಗಾಡಿಯಲ್ಲಿ ಗಂಗಕ್ಕ ಓಂ ನಮಃ ಶಿವಾಯ ಎನ್ನುತ್ತಿದ್ದಳು. ನಾನು ಯಾವುದನ್ನೂ ಹೇಳಲಾಗದೆ ಸುಶೀಲಳ ಪಾದ ಹಿಡಿದುಕೊಂಡಿದ್ದೆ, ಅದು ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಅವಳನ್ನು ನೇರ ಒಳಗೆ ಕರೆದುಕೊಂಡರು. ಬಾಗಿಲು ಮುಚ್ಚಿತು. ಗಂಗಕ್ಕ ವರಾಂಡದ ಬೆಂಚಿನ ಮೇಲೆ ಒನಕೆ ಹಿಡಿದೇ ಕುಳಿತಳು. ವಾಚ್‌ಮನ್ ಬಂದು, "ಅಜ್ಜಿ, ಇದನ್ನೆಲ್ಲ ಒಳಗೆ ತರಂಗಿಲ್ಲ" ಎಂದ. ಅವಳು ಅವನನ್ನು ನೋಡಿದ ರೀತಿಗೆ ಅವನು ಗೇಟಿಗೆ ವಾಪಸಾದ. ಮುಚ್ಚಿದ ಬಾಗಿಲ ಮುಂದೆ ನಾನು ಹಿಂದೆಯೂ ಒಮ್ಮೆ ನಿಂತಿದ್ದೆ. ಆ ಸಲ ಬಾಗಿಲು ತೆರೆದಾಗ ಒಳಗಿನಿಂದ ಯಾವ ಸದ್ದೂ ಬಂದಿರಲಿಲ್ಲ. ಈ ಸಲ ಬಾಗಿಲು ತೆರೆಯುವ ಮೊದಲೇ ಅಳು ಕೇಳಿಸಿತು. ತಿಪ್ಪೇಶಿ ಗೋಡೆಗೆ ಮುಖ ಮಾಡಿ ಬಿಕ್ಕಿದ.

ನರ್ಸು ಹೆಣ್ಣು ಮಗು ಎಂದು ಹೇಳಿ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಅವ್ವನ ಕೈಗೆ ಕೊಟ್ಟಳು. ಗಂಗಕ್ಕ ಒನಕೆಯನ್ನು ಗೋಡೆಗೆ ಒರಗಿಸಿ ಬಂದಳು. ಬಟ್ಟೆ ಬಿಡಿಸಿ, "ಕೈ ಅವೆ. ಬೆರಳು ಅವೆ. ಕಾಲು ಅವೆ. ಕಿವಿ ನೋಡು, ಅವೂ ಅವೆ" ಎಂದು ಒಂದೊಂದೇ ಹೇಳುತ್ತಾ ಬಂದವಳು ಮುಖಕ್ಕೆ ಬಂದಾಗ ನಿಂತಳು. ಮಗುವಿನ ಬಾಯಿಯ ಮೇಲೆ ಬಟ್ಟೆಯ ಅಂಚು ಬಿದ್ದಿತ್ತು. ಅದನ್ನು ಸರಿಸಲು ಅವಳಿಗೆ ಕೈ ಬರಲಿಲ್ಲ. ಸರಿಸಿದವಳು ಅವ್ವ. ತನ್ನ ಹೆಬ್ಬೆರಳನ್ನು ಮಗುವಿನ ಮೇಲ್ದುಟಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಎಳೆದಳು. ತುಟಿ ನುಣ್ಣಗೆ ಕೂಡಿಕೊಂಡಿತ್ತು. ಅವ್ವ ಹೆಬ್ಬೆರಳನ್ನು ಇನ್ನೊಮ್ಮೆ ಎಳೆದು ನೋಡಿದಳು. ಬೆಳಗ್ಗೆ ಅಷ್ಟು ಗಟ್ಟಿಯಾಗಿ ಈರುಳ್ಳಿ ಹೆಚ್ಚಿದ ಕೈ ಅದೇ.

ಮಗಳು ಮನೆಗೆ ಬಂದ ದಿನ ಗಂಗಕ್ಕ ಒನಕೆಯನ್ನು ತಂದು ಬಾಗಿಲ ಹಿಂದೆ ನಿಲ್ಲಿಸಿದಳು. ಅದು ಇನ್ನೂ ಬಿದ್ದಿಲ್ಲವಂತೆ, ಆದ್ದರಿಂದ ಮಲಗಿಸುವ ಹಾಗಿಲ್ಲವಂತೆ, ಮಗುವಿನ ಕಾವಲಿಗೆ ಇಲ್ಲೇ ಇರಲಿ ಎಂದಳು. ಶಿಲುಬೆಯ ಕೆಳಗೆ ಒನಕೆಯೇ ಎಂದು ನಾನು ಅವ್ವನ ಮುಖ ನೋಡಿದೆ. ಅವ್ವ, "ಜಾಗ ಐತಲ್ಲ, ಇರ್ಲಿ" ಎಂದಳು. ಅವ್ವನನ್ನು ಆ ಹೆಬ್ಬೆರಳಿನ ವಿಷಯ ಕೇಳಬೇಕೆಂದು ಇಷ್ಟು ವರ್ಷ ಅಂದುಕೊಂಡಿದ್ದೆ, ಧೈರ್ಯವಾಗಿರಲಿಲ್ಲ.

ಮೊನ್ನೆ ಭಾನುವಾರ ಮಗಳು ಕೊನೆಗೂ ಮೊದಲನೆಯ ದಿನದ ಹಾಳೆಗೆ ಬರೀ ಹಳದಿ ಬಳಿದಳು. ಉಳಿದ ದಿನಗಳನ್ನೂ ಬರೆದು ಮುಗಿಸಿ ಎಲ್ಲವನ್ನೂ ಅಜ್ಜಿಯ ಮಡಿಲಿಗೆ ಹಾಕಿ ಆಡಲು ಓಡಿದಳು. ಅವ್ವನಿಗೆ ಈಗ ಕಣ್ಣು ಮಂಜು. ಒಂದೊಂದೇ ಹಾಳೆಯನ್ನು ಮುಖದ ಹತ್ತಿರ ಹಿಡಿದು ಮೂಲೆ ಮೂಲೆಯನ್ನೂ ನೋಡುತ್ತಿದ್ದಳು. ಎದುರು ಜಗಲಿಯಲ್ಲಿ ಗಂಗಕ್ಕ ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವ, ಆವತ್ತು ಆಸ್ಪತ್ರೇಲಿ ಮಗೀನ ತುಟಿ ಮುಟ್ಟಿ ನೋಡಿದ್ಯಲ್ಲ. ನಿನಗೂ ಭಯ ಆಗಿತ್ತಾ?"

ಅವ್ವ ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

"ಮಾಡಿದೋನೇ ಮಾಡಿದ ಮೇಲೆ ಒಂದೊಂದ್ಸಲಾನೂ ನಿಂತು ನೋಡಿದ್ನಪ್ಪ, ಚೆನ್ನಾಗೈತಾ ಅಂತ. ನಾನು ನೋಡಬಾರ್ದಾ?"